ಚಹಾ ಕೊಡಲು ಬಂದವರು

ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನ ಗಾಜಿನ ಪೆಟ್ಟಿಗೆಯೊಂದರಲ್ಲಿ ಕಪ್ಪು ಬಣ್ಣದ ಹಳೆಯ ದೂರವಾಣಿಯಿದೆ. ಬದುಕುವ ಆಸೆ ಕಳೆದುಕೊಂಡವರ ಮಾತಿಗೆ ಕಿವಿಗೊಡಲು ಪಾದ್ರಿ ಚಾಡ್ ವಾರಾ ಅದರ ಮುಂದೆ ಕುಳಿತದ್ದು 1953ರ ನವೆಂಬರ್ 2ರಂದು. ಆಪ್ತಸಮಾಲೋಚನೆಯ ಮೊದಲ ಭೇಟಿಯಲ್ಲಿ ಏನು ನಡೆಯುತ್ತದೆ ಎಂಬ ಅಳುಕು ಇರುವವರು ಆ ಚರ್ಚಿನ ಕಥೆ ತಿಳಿಯಬೇಕು.

ವಾರಾ ಅವರ ಮನಸ್ಸಿನಲ್ಲಿ ಹಳೆಯ ನೋವೊಂದಿತ್ತು. 1935ರಲ್ಲಿ ಲಿಂಕನ್ ಪಟ್ಟಣದಲ್ಲಿ ಅವರು ಎಳೆಯ ಹುಡುಗಿಯೊಬ್ಬಳ ಅಂತ್ಯಕ್ರಿಯೆ ನಡೆಸಿಕೊಟ್ಟಿದ್ದರು. ಮೊದಲ ಬಾರಿ ಮುಟ್ಟಾದ ಆಕೆ ಅದನ್ನು ಗುಪ್ತರೋಗವೆಂದು ಭಾವಿಸಿ ಜೀವ ಕಳೆದುಕೊಂಡಿದ್ದಳು. ಸಂಕೋಚವಿಲ್ಲದೆ ಕೇಳಿ ತಿಳಿಯಲು ಅವಳಿಗೆ ಒಬ್ಬರೂ ಇರಲಿಲ್ಲ.

ದೂರವಾಣಿ ಸುದ್ದಿ ಹಬ್ಬಿದಂತೆ ಜನ ಖುದ್ದಾಗಿಯೂ ಬರತೊಡಗಿದರು. ಸರದಿ ಕಾಯುವವರಿಗೆ ಚಹಾ ಕೊಟ್ಟು ಜೊತೆಗೆ ಕೂರಲು ಕೆಲವು ಸ್ವಯಂಸೇವಕರು ಬಂದರು. ಇವರು ವೈದ್ಯರೂ ಅಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ. ಆದರೆ ಇವರೊಡನೆ ಮನಬಿಚ್ಚಿ ಮಾತಾಡಿದ ಅನೇಕರು ಒಳಗಿದ್ದ ಪಾದ್ರಿಯನ್ನು ಕಾಣದೆಯೇ ಹಗುರಾಗಿ ಮನೆಗೆ ಮರಳುತ್ತಿದ್ದರು! ಸಲಹೆಗಿಂತ ಕೇಳುವ ಕಿವಿಯೇ ಹಲವರಿಗೆ ಬೇಕಾಗಿದ್ದುದು ಎಂದು ವಾರಾ ಅರಿತರು. 1954ರ ಫೆಬ್ರುವರಿಯಲ್ಲಿ ದೂರವಾಣಿಯನ್ನು ಸ್ವಯಂಸೇವಕರಿಗೇ ಒಪ್ಪಿಸಿದರು. ‘ಸಮಾರಿಟನ್ಸ್’ ಸಂಸ್ಥೆ ಬೆಳೆದದ್ದು ಹೀಗೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಇನ್ನೊಂದು ದಾರಿಯಿಂದ ಇಂಥದೇ ತೀರ್ಮಾನಕ್ಕೆ ಮೊದಲೇ ಬಂದಿದ್ದರು. ನೆರವು ಕೋರಿ ಬಂದವರನ್ನು ‘ರೋಗಿ’ ಎನ್ನಲು ಅವರು ಒಪ್ಪಲಿಲ್ಲ. ಒಬ್ಬ ವ್ಯಕ್ತಿಯೊಂದಿಗಿನ ಎಂಟು ಭೇಟಿಗಳ ಸಂಭಾಷಣೆಯನ್ನು ಧ್ವನಿಮುದ್ರಿಸಿ, 1942ರ ತಮ್ಮ ಪುಸ್ತಕದಲ್ಲಿ ಪೂರ್ತಿ ಅಚ್ಚು ಹಾಕಿಸಿದರು.

ಇಂದಿನ ಮೊದಲ ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯದು. ಯಾಕೆ ಬಂದಿರಿ, ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಮನೆಯಲ್ಲಿ ಯಾರಿದ್ದಾರೆ ಎಂದು ಸಮಾಲೋಚಕರು ವಿಚಾರಿಸುತ್ತಾರೆ. ಸಾಯುವ ಯೋಚನೆ ಬಂದಿದೆಯೇ ಎಂದೂ ನೇರವಾಗಿ ಕೇಳಬಹುದು, ಗಾಬರಿಯಾಗಬೇಕಿಲ್ಲ. ಹೇಳಲು ಮನಸ್ಸಿಲ್ಲದ್ದನ್ನು ಅಂದೇ ಹೇಳಬೇಕೆಂಬ ಕಟ್ಟುಪಾಡಿಲ್ಲ. ಮಾತು ಸಾಮಾನ್ಯವಾಗಿ ಗುಟ್ಟಾಗಿಯೇ ಉಳಿಯುತ್ತದೆ, ಜೀವಕ್ಕೆ ಅಪಾಯವಿರುವಂಥ ಸಂದರ್ಭಗಳಲ್ಲಿ ವಿನಾಯಿತಿಯುಂಟು. ಔಷಧದ ಚೀಟಿ ಪಡೆದು ರೂಢಿಯಾದವರಿಗೆ ಬರಿಗೈಯಲ್ಲಿ ಹೊರಬರುವುದು ದಂಡವೆನಿಸಬಹುದು. ಲಂಡನ್ನಿನಲ್ಲಿ ಚಹಾ ಕುಡಿದು ಮರಳಿದವರ ಕೈಯಲ್ಲೂ ಚೀಟಿ ಇರಲಿಲ್ಲ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕನ್ನಡದಲ್ಲೂ ಮಾತಾಡಬಹುದು. ಸಂಖ್ಯೆ 14416, ಹಗಲಿರುಳೂ.