ಆಪತ್ತುಗಳು ಹೆಚ್ಚಿವೆಯೇ? ಹಲಸೂರು ಕೆರೆಯ ದಡದಿಂದ ಒಂದು ನೋಟ

ಎಲ್ಲಿಯಾದರೂ ನೆರೆ ಬಂದ ಅಥವಾ ಭೂಮಿ ಕಂಪಿಸಿದ ಸುದ್ದಿ ಕೇಳಿದರೆ, ಜುಮಾ ನಮಾಝ್ ಮುಗಿಸಿ ಹೊರಬರುವಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ಹಿಂದೆ ಹೀಗಿರಲಿಲ್ಲ, ಅಂತ್ಯದಿನ ಹತ್ತಿರ ಬಂತು.” ಹಿಂದೆ ನಿಜಕ್ಕೂ ಹೀಗಿರಲಿಲ್ಲವೇ? ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ನಮ್ಮ ಹಲಸೂರು ಕೆರೆಯ ದಡದಲ್ಲಿ ನಿಂತು ನೋಡೋಣ.

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೇನೆಯನ್ನು ತಂದು ಇಲ್ಲಿ ದಂಡು ಪ್ರದೇಶ ಕಟ್ಟಿದಾಗ ಈ ಕೆರೆ ಅದಾಗಲೇ ಹಳೆಯದಾಗಿತ್ತು. ದಂಡು ಬೆಳೆದಂತೆ ನೀರಿನ ಬೇಡಿಕೆಯೂ ಬೆಳೆಯಿತು. 1876ರ ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟು, 1878ರ ವರೆಗೆ ಮಹಾಕ್ಷಾಮ ಕಾಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತು. ಮತ್ತೆ ಅಂಥ ದಿನ ಬಾರದಿರಲೆಂದು 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಲಾಯಿತು. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬಂತು. ಅದರ ನಂತರ ಅಗಲ ರಸ್ತೆ ಮತ್ತು ಚರಂಡಿಗಳುಳ್ಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು. ದಂಡಿನ ಕಡೆ ಫ್ರೇಜರ್ ಟೌನ್ ಬೆಳೆಯಿತು.

ಸಾವಿನ ಲೆಕ್ಕದಲ್ಲಿ ನೋಡಿದರೆ ನಮ್ಮ ಮುತ್ತಜ್ಜಂದಿರ ಕಾಲವೇ ಕಠಿಣವಾಗಿತ್ತು. ವಿಶ್ವ ಹವಾಮಾನ ಸಂಸ್ಥೆ 2021ರಲ್ಲಿ ಹೊರತಂದ ವರದಿಯೂ ಇದನ್ನೇ ಹೇಳುತ್ತದೆ. 50 ವರ್ಷಗಳಲ್ಲಿ ಹವಾಮಾನಕ್ಕೆ ಸಂಬಂಧಿಸಿದ ವಿಪತ್ತುಗಳು ಐದು ಪಟ್ಟು ಹೆಚ್ಚಿದರೂ, ಮುನ್ಸೂಚನೆಗಳಿಂದಾಗಿ ಸಾವುಗಳು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿವೆ. ಆ ಐದು ಪಟ್ಟಿನಲ್ಲಿ ಒಂದು ಪಾಲು ಈಗ ಎಲ್ಲವೂ ದಾಖಲಾಗುತ್ತಿರುವುದರ ಫಲ. ದೊಡ್ಡ ಭೂಕಂಪಗಳು ಹೆಚ್ಚುತ್ತಲೇ ಹೋಗುತ್ತಿವೆ ಎನ್ನಲು ಆಧಾರವಿಲ್ಲ. ಆದರೆ ಬಿಸಿಗಾಳಿ ಮತ್ತು ಭಾರಿ ಮಳೆಯ ಮಾತು ಬೇರೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವಾಂಶ ಹಿಡಿದುಕೊಳ್ಳುತ್ತದೆ, ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ.

ಹಲಸೂರು ಕೆರೆಯಿಂದ ಉಕ್ಕಿದ ನೀರು ಹೋಗುವುದು ಬೆಳ್ಳಂದೂರಿನ ಕಡೆಗೆ, ಅಲ್ಲಿಂದ ವರ್ತೂರಿಗೆ. 2022ರ ಸೆಪ್ಟೆಂಬರ್‌ನಲ್ಲಿ ಒಂದೇ ರಾತ್ರಿ ನಗರದಲ್ಲಿ 131 ಮಿ.ಮೀ. ಮಳೆ ಸುರಿದಾಗ ಆ ಭಾಗದ ಜನ ಟ್ರ್ಯಾಕ್ಟರ್ ಹತ್ತಿ ಹೊರಬರಬೇಕಾಯಿತು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 2024ರ ಬೇಸಿಗೆಯಲ್ಲಿ, ಅದೇ ನಗರದ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಕೊಡ ಹಿಡಿದು ಕಾದೆವು. ಇದನ್ನು ಆಕಾಶದ ತಪ್ಪೆನ್ನಲಾದೀತೇ? ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ರಾಜಕಾಲುವೆಗಳ ಮೇಲೆ ಮನೆಗಳಿವೆ. ಉಳಿದಿರುವ ಹಲಸೂರು ಕೆರೆಯಲ್ಲೂ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಮಳೆ ಮೇಲಿಂದ ಬರುತ್ತದೆ, ಅದನ್ನು ವಿಪತ್ತಾಗಿಸುವುದರಲ್ಲಿ ನಮ್ಮ ಕೈಯೂ ಇದೆ. ಮನುಷ್ಯರ ಕೈಗಳ ಗಳಿಕೆಯಿಂದ ನೆಲದಲ್ಲೂ ಜಲದಲ್ಲೂ ಕೆಡುಕು ತಲೆದೋರುತ್ತದೆ ಎಂಬ ಎಚ್ಚರಿಕೆ ಸೂರಃ ಅರ್‍ರೂಮ್‌ನಲ್ಲಿದೆ.

ಅಂತ್ಯದಿನದ ಕುರುಹುಗಳಲ್ಲಿ ಭೂಕಂಪಗಳ ಹೆಚ್ಚಳವೂ ಒಂದೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಆದರೆ ಆ ಗಳಿಗೆಯ ಅರಿವು ಅಲ್ಲಾಹನಿಗೆ ಮಾತ್ರ. ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾದಾಗ, ಜನರು ಅವೆರಡಕ್ಕೂ ಗಂಟು ಹಾಕಿದರು. ಯಾರ ಸಾವಿಗಾಗಿಯೂ ಗ್ರಹಣ ಹಿಡಿಯುವುದಿಲ್ಲವೆಂದು ಪ್ರವಾದಿ(ಸ) ತಿದ್ದಿದರು, ನಮಾಝ್‌ಗೆ ನಿಂತರು. ಹಿಜರಿ 18ರ ಬರಗಾಲದಲ್ಲಿ ಖಲೀಫ ಉಮರ್(ರ) ಮಳೆಗಾಗಿ ಪ್ರಾರ್ಥಿಸಿದರು. ಅದರ ಜೊತೆಗೆ ಸಿರಿಯಾದಿಂದ ಧಾನ್ಯ ತರಿಸಿದರು, ಜನರ ಹಸಿವು ನೀಗುವ ತನಕ ತಾವೂ ತುಪ್ಪ ಮುಟ್ಟಲಿಲ್ಲ.

ನಮ್ಮ ಮುಂದಿರುವ ದಾರಿಯೂ ಅದೇ. ದುಆ ಮಾಡೋಣ. ವುಝೂ ಮಾಡುವಾಗ ನಲ್ಲಿಯನ್ನು ಸಣ್ಣಗೆ ತಿರುಗಿಸೋಣ. ಮಸೀದಿಯ ತಾರಸಿಯ ಮಳೆನೀರನ್ನು ನೆಲಕ್ಕೆ ಇಂಗಿಸೋಣ. ಮೊಹಲ್ಲಾದ ಕಾಲುವೆಗೆ ಕಸ ಹಾಕುವ ಕೈಯನ್ನು, ಅದು ನಮ್ಮದೇ ಆಗಿದ್ದರೂ, ತಡೆಯೋಣ. ತಗ್ಗಿನ ಮನೆಗಳಲ್ಲಿ ಒಂಟಿಯಾಗಿರುವ ಹಿರಿಯರು ಯಾರೆಂದು ಮಳೆಗಾಲಕ್ಕೆ ಮೊದಲೇ ತಿಳಿದುಕೊಳ್ಳೋಣ.