ಎದ್ದು ನಿಲ್ಲದ ಆಟಗಾರ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ 1995-96ರ ಸೀಸನ್ ಎಂದರೆ ಕ್ರೀಡಾಪ್ರಿಯರಿಗೆ ತಟ್ಟನೆ ನೆನಪಾಗುವುದು ಮೈಕೆಲ್ ಜೋರ್ಡಾನ್ ಮತ್ತು ಅವರ ಶಿಕಾಗೋ ಬುಲ್ಸ್ ತಂಡ. ಆ ವರ್ಷ ಬುಲ್ಸ್ 82 ಪಂದ್ಯಗಳಲ್ಲಿ 72 ಗೆದ್ದು, ಕೇವಲ 10 ಸೋತಿತು. ಕೊನೆಗೆ ಚಾಂಪಿಯನ್ ಕೂಡಾ ಆಯಿತು. ಆ ದಾಖಲೆ ಇಪ್ಪತ್ತು ವರ್ಷ ಹಾಗೆಯೇ ಉಳಿದು, 2015-16ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ 73 ಪಂದ್ಯ ಗೆದ್ದಾಗಲಷ್ಟೇ ಮುರಿಯಿತು.

ಬುಲ್ಸ್ ಸೋತ ಆ ಹತ್ತು ಪಂದ್ಯಗಳಲ್ಲಿ ಒಂದು 1996ರ ಫೆಬ್ರವರಿ 4ರಂದು ಡೆನ್ವರ್ ನಗರದಲ್ಲಿ ನಡೆಯಿತು. ಅದುವರೆಗೆ ಸತತ 18 ಪಂದ್ಯ ಗೆದ್ದಿದ್ದ ಬುಲ್ಸ್ ತಂಡವನ್ನು ಡೆನ್ವರ್ ನಗೆಟ್ಸ್ 105-99ರಿಂದ ಸೋಲಿಸಿತು. ಅಂದು 32 ಅಂಕ ಗಳಿಸಿದ್ದು ಆರಡಿ ಎತ್ತರದ ಒಬ್ಬ ಗಾರ್ಡ್. ದೈತ್ಯರೇ ತುಂಬಿರುವ ಆ ಆಟದಲ್ಲಿ ಆರಡಿಯೆಂದರೆ ಗಿಡ್ಡ! ಅದು ರಮಝಾನ್ ತಿಂಗಳಾಗಿತ್ತು. ಆಟಗಾರನ ಹೆಸರು ಮಹಮೂದ್ ಅಬ್ದುಲ್ ರವೂಫ್. ನಾವಿಲ್ಲಿ ಹೇಳಹೊರಟಿರುವುದು ಈ ಮನುಷ್ಯನ ಕತೆಯನ್ನು. ದಾಖಲೆಗಳ ಪುಸ್ತಕದಲ್ಲಿ ಇದಕ್ಕೆ ಸಿಕ್ಕ ಜಾಗ ಕಡಿಮೆ. ಆದರೆ ಆ ಸೀಸನ್ ಎತ್ತಿದ ಪ್ರಶ್ನೆ ಇನ್ನೂ ಹಳತಾಗಿಲ್ಲ.

ಅವರು ಹುಟ್ಟಿದ್ದು 1969ರಲ್ಲಿ, ಮಿಸಿಸಿಪ್ಪಿ ರಾಜ್ಯದ ಗಲ್ಫ್‌ಪೋರ್ಟ್ ಎಂಬ ಊರಿನಲ್ಲಿ. ಆಗಿನ ಹೆಸರು ಕ್ರಿಸ್ ಜಾಕ್ಸನ್. ಬಡ ಕಪ್ಪು ಕುಟುಂಬ, ಸಾಕಿದ್ದು ತಾಯಿ. ಜೊತೆಗೆ ಟುರೆಟ್ ಸಿಂಡ್ರೋಮ್ ಎಂಬ ನರಸಂಬಂಧಿ ತೊಂದರೆ. ಬೇಡವೆಂದರೂ ಕುತ್ತಿಗೆ ಅದುರುವುದು, ಬಾಯಿಂದ ಸದ್ದು ಹೊರಡುವುದು ಇದರ ಲಕ್ಷಣ. ಈ ತೊಂದರೆಯೇ ಅವರ ಅಭ್ಯಾಸವನ್ನು ಕಠಿಣಗೊಳಿಸಿತು. ಚೆಂಡು ಬಲೆಯೊಳಗಿಂದ ಜಾರುವ ಸದ್ದು ತನ್ನ ಮನಸ್ಸಿಗೆ ಸರಿಯೆನಿಸುವ ತನಕ ಅವರು ಮೈದಾನ ಬಿಟ್ಟು ಕದಲುತ್ತಿರಲಿಲ್ಲ. 1993-94ರ ಸೀಸನ್‌ನಲ್ಲಿ 229 ಫ್ರೀ ಥ್ರೋಗಳಲ್ಲಿ 219ನ್ನು ಬುಟ್ಟಿಗೆ ಹಾಕಿದ್ದು ಆ ಹಟದ ಫಲ.

ಕಾಲೇಜಿನ ದಿನಗಳಲ್ಲಿ ಅವರು ಮಾಲ್ಕಂ ಎಕ್ಸ್ ಅವರ ಆತ್ಮಕಥೆಯನ್ನು ಓದಿದರು. 1990ರಲ್ಲಿ ಡೆನ್ವರ್ ತಂಡ ಸೇರಿದರು. 1991ರಲ್ಲಿ ಇಸ್ಲಾಂ ಸ್ವೀಕರಿಸಿದರು, 1993ರಲ್ಲಿ ಹೆಸರು ಬದಲಿಸಿಕೊಂಡರು. ಅದಕ್ಕಾಗಿ ಯಾರೂ ಅವರನ್ನು ಹೊರದಬ್ಬಲಿಲ್ಲ. ಅಂಕ ಗಳಿಸುವ ಆಟಗಾರನ ಹೆಸರು ಏನಿದ್ದರೇನು? ತಕರಾರು ಶುರುವಾದದ್ದು ಬೇರೊಂದು ವಿಷಯಕ್ಕೆ.

ಎನ್‌ಬಿಎಯ ಪ್ರತಿ ಪಂದ್ಯಕ್ಕೂ ಮೊದಲು ಅಮೆರಿಕದ ರಾಷ್ಟ್ರಗೀತೆ ಹಾಡುತ್ತಾರೆ. ಆಗ ಆಟಗಾರರು ಸಾಲಾಗಿ, ಗೌರವದಿಂದ ನಿಲ್ಲಬೇಕೆಂಬುದು ಲೀಗ್‌ನ ನಿಯಮ. ಆ ಸೀಸನ್‌ನಲ್ಲಿ ಅಬ್ದುಲ್ ರವೂಫ್ ನಿಲ್ಲುತ್ತಿರಲಿಲ್ಲ. ಕೆಲವೊಮ್ಮೆ ಒಳಕೋಣೆಯಲ್ಲೇ ಉಳಿಯುತ್ತಿದ್ದರು, ಕೆಲವೊಮ್ಮೆ ಬೆಂಚಿನ ಬಳಿ ಮೈಸಡಿಲಿಸುತ್ತಿದ್ದರು. ಘೋಷಣೆಯಿಲ್ಲ, ಪತ್ರಿಕಾಗೋಷ್ಠಿಯಿಲ್ಲ. ತಿಂಗಳುಗಟ್ಟಲೆ ಅದು ಸುದ್ದಿಯೂ ಆಗಲಿಲ್ಲ. ಮಾರ್ಚ್ ತಿಂಗಳಲ್ಲಿ ಮಾಧ್ಯಮಗಳು ವಿಷಯ ಎತ್ತಿಕೊಂಡು ಕೇಳಿದಾಗ ಅವರು ಮುಚ್ಚಿಡಲಿಲ್ಲ. ಈ ಧ್ವಜ ದಬ್ಬಾಳಿಕೆಯ ಸಂಕೇತವೂ ಹೌದು, ಈ ದೇಶಕ್ಕೆ ಅಂಥ ಚರಿತ್ರೆ ಇದೆ, ದಬ್ಬಾಳಿಕೆಯ ಪರ ನಿಲ್ಲುವುದು ತನ್ನ ಧರ್ಮಕ್ಕೆ ಒಗ್ಗುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು.

ಮಾರ್ಚ್ 12ರಂದು ಲೀಗ್ ಅವರನ್ನು ಅಮಾನತು ಮಾಡಿತು. ಎದ್ದು ನಿಲ್ಲುವ ತನಕ ಆಟವಿಲ್ಲ, ಸಂಬಳವೂ ಇಲ್ಲ. ಅವರ ವಾರ್ಷಿಕ ಸಂಬಳ 26 ಲಕ್ಷ ಡಾಲರ್. ಅದನ್ನು 82 ಪಂದ್ಯಗಳಿಗೆ ಭಾಗಿಸಿದರೆ ಪಂದ್ಯವೊಂದಕ್ಕೆ 31,707 ಡಾಲರ್. ಒಂದು ಆತ್ಮಸಾಕ್ಷಿಯ ದಿನದ ಬೆಲೆಯನ್ನು ಇಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕಿದ ಉದಾಹರಣೆ ಚರಿತ್ರೆಯಲ್ಲಿ ಅಪರೂಪ.

ಅವರನ್ನು ವಿರೋಧಿಸಿದವರೆಲ್ಲರೂ ದ್ವೇಷಿಗಳಾಗಿರಲಿಲ್ಲ ಎಂಬುದನ್ನೂ ನಾವು ಹೇಳಬೇಕು. ಯುದ್ಧದಲ್ಲಿ ಮಗನನ್ನೋ ಅಣ್ಣನನ್ನೋ ಕಳೆದುಕೊಂಡವರಿಗೆ ಆ ಧ್ವಜ ಶವಪೆಟ್ಟಿಗೆಯ ಮೇಲೆ ಹೊದಿಸಿದ ಬಟ್ಟೆ. ಅವರ ನೋವು ಸುಳ್ಳಲ್ಲ. ಮುಸ್ಲಿಮರಲ್ಲೂ ಒಮ್ಮತವಿರಲಿಲ್ಲ. ಆ ಕಾಲದ ಇನ್ನೊಬ್ಬ ದೊಡ್ಡ ಆಟಗಾರ, ಹ್ಯೂಸ್ಟನ್ ರಾಕೆಟ್ಸ್‌ನ ಹಕೀಮ್ ಒಲಾಜುವಾನ್ ಕೂಡಾ ಶ್ರದ್ಧಾವಂತ ಮುಸ್ಲಿಮರು. ತಾನು ಬಾಳುವ ದೇಶದ ಕಾನೂನನ್ನು ಮುಸ್ಲಿಮನಾದವನು ಗೌರವಿಸಬೇಕು ಎಂಬುದು ಅವರ ನಿಲುವು. ನೈಜೀರಿಯಾದಿಂದ ಬಂದು 1993ರಲ್ಲಿ ಅಮೆರಿಕದ ಪೌರತ್ವ ಪಡೆದವರು ಒಲಾಜುವಾನ್. ಅವರಿಗೆ ಆ ದೇಶ ತಾನಾಗಿ ಆರಿಸಿಕೊಂಡ ಮನೆ. ಮಿಸಿಸಿಪ್ಪಿಯ ಕಪ್ಪು ಮಗನಿಗೆ ಅದು ಹಿರಿಯರನ್ನು ಸರಪಳಿಯಲ್ಲಿ ತಂದು ಕೂಡಿಹಾಕಿದ ಮನೆ. ಇಬ್ಬರೂ ಓದುವ ಕುರ್‌ಆನ್ ಒಂದೇ, ಇಬ್ಬರ ಬೆನ್ನ ಹಿಂದಿನ ಚರಿತ್ರೆ ಮಾತ್ರ ಬೇರೆ.

ಆಟಗಾರರ ಸಂಘ ಅಬ್ದುಲ್ ರವೂಫ್ ಪರವಾಗಿ ನಿಂತಿತು. ಎರಡೇ ದಿನದಲ್ಲಿ ರಾಜಿಯಾಯಿತು. ಅವರು ನಿಲ್ಲಬೇಕು, ಆದರೆ ಕಣ್ಣು ಮುಚ್ಚಿಕೊಂಡು ತಲೆ ತಗ್ಗಿಸಿರಬಹುದು. ಮಾರ್ಚ್ 15ರ ಶುಕ್ರವಾರ, ಶಿಕಾಗೋದಲ್ಲಿ, ಅದೇ ಬುಲ್ಸ್ ತಂಡದ ಅಂಗಳದಲ್ಲಿ ಅವರು ಮರಳಿ ಆಡಲಿಳಿದರು. ರಾಷ್ಟ್ರಗೀತೆ ಮೊಳಗಿದಾಗ ಎರಡೂ ಕೈಗಳನ್ನು ಮುಖದ ಬಳಿ ಹಿಡಿದು, ಕಣ್ಣು ಮುಚ್ಚಿ, ನೊಂದವರಿಗಾಗಿ ದುಆ ಮಾಡಿದರು. ಸಾವಿರಾರು ಜನ ಕೂಗಿ ಗೇಲಿ ಮಾಡಿದರು. ಅದೇ ತಿಂಗಳು ಡೆನ್ವರಿನ ರೇಡಿಯೋ ಕೇಂದ್ರವೊಂದರ ನೌಕರರು ಅಲ್ಲಿನ ಮಸೀದಿಗೆ ನುಗ್ಗಿ ಕಹಳೆಯಲ್ಲಿ ರಾಷ್ಟ್ರಗೀತೆ ಊದಿದರು. ನಿಲ್ಲದಿದ್ದವನು ಒಬ್ಬ, ಉತ್ತರ ಕೊಡಬೇಕಾದವರು ಮಾತ್ರ ಒಂದು ಇಡೀ ಸಮುದಾಯದವರು!

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವಿದೆ. ಶಾಲಾಮಕ್ಕಳನ್ನು ಧ್ವಜವಂದನೆಗೆ ಬಲವಂತ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1943ರಲ್ಲೇ ತೀರ್ಪು ಕೊಟ್ಟಿತ್ತು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮಕ್ಕಳ ಪ್ರಕರಣ ಅದು. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, ಜೂನ್ 14ರಂದು, ಅಂದರೆ ಆ ದೇಶದ ಧ್ವಜ ದಿನದಂದೇ ಆ ತೀರ್ಪು ಹೊರಬಿತ್ತು. ಆದರೆ ಈ ರಕ್ಷಣೆ ಇರುವುದು ಸರಕಾರದ ಬಲವಂತದ ವಿರುದ್ಧ. ಎನ್‌ಬಿಎ ಸರಕಾರವಲ್ಲ, ಅದೊಂದು ಖಾಸಗಿ ಸಂಸ್ಥೆ. ಹೀಗಾಗಿ ಸರಕಾರ ಒಂದು ಮಗುವಿನಿಂದ ಕೇಳಲಾಗದ್ದನ್ನು ಯಜಮಾನ ತನ್ನ ನೌಕರನಿಂದ ಕೇಳಿದ. ದೇಶಭಕ್ತಿ ಅಲ್ಲಿ ಕೆಲಸದ ಕರಾರಿನ ಒಂದು ಕಲಮು.

31,707 ಡಾಲರ್ ದಂಡ ಒಂದೇ ಪಂದ್ಯಕ್ಕೆ ಮುಗಿಯಿತು. ನಿಜವಾದ ದಂಡ ಆಮೇಲೆ ಬಂತು, ಸದ್ದಿಲ್ಲದೆ. ಆ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 19.2 ಅಂಕ ಗಳಿಸಿದ್ದ ಆಟಗಾರನನ್ನು ಡೆನ್ವರ್ ತಂಡ ಅದೇ ಜೂನ್‌ನಲ್ಲಿ ಸ್ಯಾಕ್ರಮೆಂಟೋ ತಂಡಕ್ಕೆ ದಾಟಿಸಿತು. ಅಲ್ಲಿ ಅವರಿಗೆ ಸಿಗುವ ಆಟದ ಸಮಯ ಇಳಿಯುತ್ತಾ ಹೋಯಿತು. ಎರಡನೇ ವರ್ಷದಲ್ಲಿ ಸರಾಸರಿ 7.3ಕ್ಕೆ ಬಂತು. 1998ರಲ್ಲಿ ಒಪ್ಪಂದ ಮುಗಿದಾಗ ಅವರಿಗಿನ್ನೂ 29 ವರ್ಷ. ಕರೆದು ಕೆಲಸ ಕೊಡುವ ತಂಡ ಸಿಗಲಿಲ್ಲ. ಟರ್ಕಿಗೆ ಹೋಗಿ ಆಡಿದರು. 2000-01ರಲ್ಲಿ ವ್ಯಾಂಕೂವರ್ ತಂಡದಲ್ಲಿ ಒಂದು ವರ್ಷ ಸಿಕ್ಕಿತು, ಅಲ್ಲಿಗೆ ಎನ್‌ಬಿಎಯ ಬಾಗಿಲು ಮುಚ್ಚಿತು. 2001ರಲ್ಲಿ ಮಿಸಿಸಿಪ್ಪಿಯಲ್ಲಿದ್ದ ಅವರ ಮನೆ ಬೆಂಕಿಗೆ ಆಹುತಿಯಾಯಿತು. ಹೊರಹಾಕಿದ್ದೇವೆ ಎಂದು ಯಾರೂ ಯಾವತ್ತೂ ಹೇಳಲಿಲ್ಲ. ಹೊರಹಾಕುವವರು ಹಾಗೆ ಹೇಳುವ ಪದ್ಧತಿಯೂ ಇಲ್ಲ.

ಇನ್ನು ಈ ಕತೆಯ ಕೊನೆಯ ಭಾಗ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕುತ್ತಿಗೆಯನ್ನು ಪೊಲೀಸನೊಬ್ಬ ಮೊಣಕಾಲಿನಿಂದ ಒತ್ತಿ ಕೊಂದ. ಕೊರೋನಾದಿಂದ ನಿಂತಿದ್ದ ಎನ್‌ಬಿಎ ಸೀಸನ್ ಜುಲೈ 30ರಂದು ಒರ್ಲಾಂಡೋ ಬಳಿ ಮತ್ತೆ ಆರಂಭವಾದಾಗ, ರಾಷ್ಟ್ರಗೀತೆಯ ಹೊತ್ತಿಗೆ ತಂಡ ತಂಡಗಳೇ ಮೊಣಕಾಲೂರಿದವು, ಕೋಚ್‌ಗಳೂ ಊರಿದರು. ಎದ್ದು ನಿಲ್ಲಬೇಕೆಂಬ ನಿಯಮ ಆಗಲೂ ಇತ್ತು. ಆದರೆ ಲೀಗ್‌ನ ಆಗಿನ ಕಮಿಷನರ್ ಆಡಂ ಸಿಲ್ವರ್, ಈ ಶಾಂತಿಯುತ ಪ್ರತಿಭಟನೆಯನ್ನು ಗೌರವಿಸುತ್ತೇವೆ, ನಿಯಮವನ್ನು ಜಾರಿಗೊಳಿಸುವುದಿಲ್ಲ ಎಂದರು. ಅದೇ ವರ್ಷ, ಅಬ್ದುಲ್ ರವೂಫ್ ಓದಿದ್ದ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ ಅವರು ತೊಡುತ್ತಿದ್ದ 35ನೇ ನಂಬರಿನ ಅಂಗಿಯನ್ನು ಗೌರವದಿಂದ ಮೀಸಲಿಟ್ಟಿತು.

ಇಪ್ಪತ್ತನಾಲ್ಕು ವರ್ಷಗಳಲ್ಲಿ ನಿಯಮ ಬದಲಾಗಲಿಲ್ಲ, ಗೀತೆ ಬದಲಾಗಲಿಲ್ಲ, ಧ್ವಜವೂ ಬದಲಾಗಲಿಲ್ಲ. ಬದಲಾದದ್ದು ತಲೆಗಳ ಲೆಕ್ಕ. ಒಬ್ಬನೇ ಇದ್ದಾಗ ಅದು ಶಿಸ್ತಿನ ಉಲ್ಲಂಘನೆ, ಎಲ್ಲರೂ ಸೇರಿದಾಗ ಅದು ಗೌರವಕ್ಕೆ ಅರ್ಹವಾದ ಅಭಿಪ್ರಾಯ. ನೂರು ಜನರ ಜೊತೆ ಮೊಣಕಾಲೂರುವ ಸ್ವಾತಂತ್ರ್ಯವನ್ನು ಕೊಡುವುದು ಯಾವ ಸಂಸ್ಥೆಗೂ ಕಷ್ಟವಲ್ಲ, ಯಾಕೆಂದರೆ ಆಗ ಅದಕ್ಕೆ ಬೇರೆ ದಾರಿಯೂ ಇರುವುದಿಲ್ಲ. ಒಂಟಿಯಾಗಿ ಕಣ್ಣು ಮುಚ್ಚಿ ನಿಂತವನನ್ನು ಹೇಗೆ ನಡೆಸಿಕೊಂಡಿತು ಎಂಬುದರಿಂದಲೇ ನಾವು ಅದನ್ನು ಅಳೆಯಬೇಕಾಗುತ್ತದೆ.