ಕಂಡದ್ದು ಮರೆಯಾದ ಬಗೆ: ಸ್ತ್ರೀ ಕಾಮಸುಖದ ಶರೀರಶಾಸ್ತ್ರದ ಇತಿಹಾಸ

ಹೆಣ್ಣಿನ ಕಾಮೋದ್ರೇಕ ಮತ್ತು ಸುಖಪರಾಕಾಷ್ಠೆಯ ಶರೀರಕ್ರಿಯೆಯನ್ನು ಪಾಶ್ಚಾತ್ಯ ವೈದ್ಯಶಾಸ್ತ್ರ ಇಪ್ಪತ್ತನೆಯ ಶತಮಾನದಲ್ಲಷ್ಟೇ ಅರಿಯತೊಡಗಿತು ಎಂಬ ನಂಬಿಕೆ ವ್ಯಾಪಕವಾಗಿದೆ. ದಾಖಲೆಗಳು ಇದಕ್ಕೆ ಪೂರ್ತಿ ಒತ್ತಾಸೆ ಕೊಡುವುದಿಲ್ಲ. ಇಟಲಿಯ ಅಂಗರಚನಾಶಾಸ್ತ್ರಜ್ಞ ರಿಯಾಲ್ಡೊ ಕೊಲಂಬೊ 1559ರ ತನ್ನ ಗ್ರಂಥದಲ್ಲಿ ಕ್ಲಿಟೋರಿಸ್ ಅಥವಾ ಚಂದ್ರನಾಡಿಯನ್ನು ಹೆಣ್ಣಿನ ಸುಖದ ಮುಖ್ಯ ನೆಲೆಯೆಂದು ವರ್ಣಿಸಿ, ಅದನ್ನು ಮೊದಲು ಕಂಡವನು ತಾನೇ ಎಂದ. ಎರಡೇ ವರ್ಷಗಳಲ್ಲಿ ಗೇಬ್ರಿಯೆಲೆ ಫಲ್ಲೋಪಿಯೊ ಆ ಹೆಗ್ಗಳಿಕೆ ತನ್ನದೆಂದ. ಇವರಿಬ್ಬರಿಗಿಂತ ಹೆಚ್ಚು ಪ್ರಸಿದ್ಧನಾಗಿದ್ದ ವೆಸಾಲಿಯಸ್ ಮಾತ್ರ ಆರೋಗ್ಯವಂತ ಹೆಂಗಸರಲ್ಲಿ ಅಂಥ ಅಂಗವೇ ಇಲ್ಲವೆಂದು ತಳ್ಳಿಹಾಕಿದ. 1672ರಲ್ಲಿ ಡೆಲ್ಫ್ಟ್‌ನ ರೆನಿಯರ್ ದ ಗ್ರಾಫ್ ಅದನ್ನು ವಿವರವಾಗಿ ಚಿತ್ರಿಸಿದಾಗ, ಎಷ್ಟೋ ಶಾಸ್ತ್ರಜ್ಞರು ಅದರ ಹೆಸರನ್ನೇ ಎತ್ತಿಲ್ಲವೆಂದು ಅಚ್ಚರಿಪಟ್ಟ. ಕಂಡದ್ದು ಹೀಗೆ ಮತ್ತೆ ಮತ್ತೆ ಮರೆಯಾದದ್ದಕ್ಕೆ ಸಾಕ್ಷ್ಯದ ಕೊರತೆಗಿಂತ ದೊಡ್ಡ ಕಾರಣ, ಹೆಣ್ಣಿನ ಸುಖವನ್ನು ಸಂತಾನೋತ್ಪತ್ತಿಯ ಅಳತೆಗೋಲಿನಿಂದಲೇ ಅಳೆದದ್ದು ಎಂಬುದು ಈ ಲೇಖನದ ವಾದ.

ಇದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ಗರ್ಭ ನಿಲ್ಲಲು ಗಂಡು ಹೆಣ್ಣು ಇಬ್ಬರೂ ಬೀಜ ಬಿಡಬೇಕು, ಅದಕ್ಕೆ ಹೆಣ್ಣಿಗೂ ಸುಖ ದೊರೆಯಬೇಕು ಎಂದು ಗ್ಯಾಲೆನ್ ಪರಂಪರೆಯ ವೈದ್ಯರು ನಂಬಿದ್ದರು. ಆ ನಂಬಿಕೆ ಕುಸಿದ ಮೇಲೆಯೇ ಹೆಣ್ಣಿನ ಸುಖ ವೈದ್ಯರಿಗೆ ಬೇಡವಾಯಿತು ಎಂದು ಇತಿಹಾಸಕಾರ ಥಾಮಸ್ ಲಾಕರ್ 1990ರ ತನ್ನ ಕೃತಿಯಲ್ಲಿ ವಾದಿಸಿದ. ಹಾಗಾದರೆ ಸಂತಾನದ ನಂಟು ಹೆಣ್ಣಿನ ಸುಖಕ್ಕೆ ಕಾವಲಾಗಿತ್ತಲ್ಲವೇ? ಆದರೆ ಆ ಕಾವಲಿಗೆ ತೆತ್ತ ಬೆಲೆ ಭಾರಿಯಾಗಿತ್ತು. 1788ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾರ್ ಬರೆದ ವೈದ್ಯನ್ಯಾಯಶಾಸ್ತ್ರದ ಪುಸ್ತಕ, ಸುಖವಿಲ್ಲದೆ ಗರ್ಭವಿಲ್ಲ, ಆದ್ದರಿಂದ ಬಸುರಾದವಳ ಮೇಲೆ ಪೂರ್ಣ ಅರ್ಥದ ಅತ್ಯಾಚಾರ ನಡೆದಿರಲಾರದು ಎಂಬ ತರ್ಕವನ್ನು ಮುಂದಿಡುತ್ತದೆ. ಸುಖಕ್ಕೆ ಸಿಕ್ಕಿದ್ದ ಮನ್ನಣೆಯೇ ಹೆಣ್ಣಿನ ವಿರುದ್ಧ ಸಾಕ್ಷಿ ನುಡಿಯಿತು. ಅವಳ ದೇಹ ಏನನ್ನು ಅನುಭವಿಸುತ್ತದೆ ಎಂಬ ಪ್ರಶ್ನೆ ಆಗಲೂ ಬದಿಗೇ ಉಳಿದಿತ್ತು.

ಉಪಕರಣಗಳಿಲ್ಲದ ಕಾಲದಲ್ಲಿ ಇಷ್ಟು ತಿಳಿದದ್ದೇ ಹೆಚ್ಚು ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಜರ್ಮನಿಯ ಗೆಯೋರ್ಗ್ ಲುಡ್ವಿಗ್ ಕೋಬೆಲ್ಟ್ 1844ರಲ್ಲೇ ಉತ್ತರ ಕೊಟ್ಟಿದ್ದಾನೆ. ಶವಗಳ ರಕ್ತನಾಳಗಳಿಗೆ ದ್ರಾವಣ ತುಂಬಿಸಿ, ಹೊರಗೆ ಕಾಣುವ ತುದಿಯ ಹಿಂದೆ ಎಷ್ಟು ದೊಡ್ಡ ನಿಮಿರು ಅಂಗಾಂಶ ಹರಡಿದೆಯೆಂದು ಅವನು ಚಿತ್ರಸಹಿತ ತೋರಿಸಿದ. ಆದರೂ 1905ರಲ್ಲಿ ಫ್ರಾಯ್ಡ್, ಪ್ರೌಢಳಾಗುವ ಹೆಣ್ಣಿನ ಸಂವೇದನೆ ಚಂದ್ರನಾಡಿಯಿಂದ ಯೋನಿಗೆ ಸ್ಥಳಾಂತರಗೊಳ್ಳಬೇಕೆಂದು ಬರೆದಾಗ ಅಂಗರಚನೆಯ ಯಾವ ಆಧಾರವನ್ನೂ ಕೊಡಬೇಕಾಗಿ ಬರಲಿಲ್ಲ. ಮುಂದೆ ಅವನ ವಲಯ ಸೇರಿದ ಮಾರಿ ಬೊನಪಾರ್ಟ್ 1924ರಲ್ಲಿ 243 ಹೆಂಗಸರ ದೇಹದ ಅಳತೆಗಳನ್ನು ಆಧರಿಸಿ ಗುಪ್ತನಾಮದಲ್ಲಿ ಪ್ರಬಂಧ ಪ್ರಕಟಿಸಿದಳು. ಸಂಭೋಗದಲ್ಲಿ ಸುಖ ದೊರೆಯದಿರುವುದನ್ನು ಅಂಗದ ಸ್ಥಾನದೋಷವೆಂದು ಬಗೆದು, ಚಂದ್ರನಾಡಿಯನ್ನು ಯೋನಿದ್ವಾರದ ಹತ್ತಿರಕ್ಕೆ ತರುವ ಶಸ್ತ್ರಕ್ರಿಯೆಗೆ ತನ್ನನ್ನೇ ಒಡ್ಡಿಕೊಂಡಳು. ಒಂದಕ್ಕಿಂತ ಹೆಚ್ಚು ಸಲ ಕತ್ತರಿಸಿದರೂ ಪ್ರಯೋಜನವಾಗಲಿಲ್ಲ. ಸಿದ್ಧಾಂತವನ್ನು ತಿದ್ದುವ ಬದಲು ದೇಹವನ್ನೇ ತಿದ್ದಲು ಹೊರಟದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಪ್ರಶ್ನೆ ಬದಲಾದದ್ದು ಆಮೇಲೆ. ಹೆಣ್ಣಿನ ಲೈಂಗಿಕ ನಡವಳಿಕೆ ಕುರಿತ 1953ರ ಕಿನ್ಸೆ ವರದಿಗಾಗಿ ಸ್ತ್ರೀರೋಗತಜ್ಞರು ನಡೆಸಿದ ಸ್ಪರ್ಶಪರೀಕ್ಷೆಯಲ್ಲಿ, ಯೋನಿಯ ಒಳಗೋಡೆಯನ್ನು ಮುಟ್ಟಿದ್ದು ಬಹುಪಾಲು ಹೆಂಗಸರಿಗೆ ಗೊತ್ತಾಗಲಿಲ್ಲ. ಚಂದ್ರನಾಡಿಯ ಸ್ಪರ್ಶ ಹೆಚ್ಚುಕಡಿಮೆ ಎಲ್ಲರಿಗೂ ತಿಳಿಯಿತು. 1966ರಲ್ಲಿ ವಿಲಿಯಂ ಮಾಸ್ಟರ್ಸ್ ಮತ್ತು ವರ್ಜೀನಿಯಾ ಜಾನ್ಸನ್ 382 ಹೆಂಗಸರು, 312 ಗಂಡಸರನ್ನು ಪ್ರಯೋಗಾಲಯದಲ್ಲಿ ಗಮನಿಸಿದ ಫಲಿತಾಂಶ ಹೊರಬಂತು. ಪಾರದರ್ಶಕ ಸಾಧನದೊಳಗಿಂದ ಕ್ಯಾಮೆರಾ ಹಿಡಿದ ನೋಟ ಇದು: ಉದ್ರೇಕವಾದ 10ರಿಂದ 30 ಸೆಕೆಂಡುಗಳಲ್ಲಿ ಯೋನಿಯ ಗೋಡೆಯ ಮೇಲೆ ಹಣೆಯ ಬೆವರಿನಂತೆ ಹನಿಗಳು ಮೂಡಿ, ಒಂದಕ್ಕೊಂದು ಕೂಡಿ ಇಡೀ ಗೋಡೆಯನ್ನು ತೇವಗೊಳಿಸುತ್ತವೆ. ಸುತ್ತಲಿನ ರಕ್ತನಾಳಗಳು ತುಂಬಿಕೊಂಡು ಆ ದ್ರವ ಜಿನುಗುತ್ತದೆ. ಪರಾಕಾಷ್ಠೆಯಲ್ಲಿ ಸ್ನಾಯುಗಳು ಮೊದಮೊದಲು ಸುಮಾರು 0.8 ಸೆಕೆಂಡಿಗೊಮ್ಮೆ ಬಿಗಿಯುತ್ತವೆ. ಪ್ರಚೋದನೆ ಎಲ್ಲಿಂದ ಬಂದರೂ ಮೂಲಕ್ರಿಯೆ ಒಂದೇ. ಪ್ರಯೋಗಾಲಯಕ್ಕೆ ತಾವಾಗಿ ಬಂದವರು ಎಲ್ಲ ಹೆಂಗಸರ ಪ್ರತಿನಿಧಿಗಳಲ್ಲ ಎಂಬ ಟೀಕೆ ನ್ಯಾಯವಾದದ್ದೇ. ಬಯಕೆ, ಸಂಬಂಧ, ಭಯಗಳು ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ ನಾಲ್ಕು ಹಂತದ ಮಾದರಿಯಲ್ಲಿ ಇರಲಿಲ್ಲ. 2000ದಲ್ಲಿ ರೋಸ್‌ಮರಿ ಬ್ಯಾಸನ್ ಬಯಕೆಯೇ ಉದ್ರೇಕದ ನಂತರವೂ ಹುಟ್ಟಬಹುದೆಂಬ ವರ್ತುಲಾಕಾರದ ಮಾದರಿಯನ್ನು ಮುಂದಿಟ್ಟು ಆ ಕೊರತೆಯನ್ನು ತುಂಬಲು ಯತ್ನಿಸಿದಳು. ಆದರೆ ಈ ಟೀಕೆ ರಕ್ತನಾಳ, ಸ್ನಾಯುಗಳ ಕುರಿತ ಅವಲೋಕನಗಳನ್ನು ಸುಳ್ಳಾಗಿಸುವುದಿಲ್ಲ.

ಹಳೆಯ ಅಳತೆಗೋಲನ್ನು ಇನ್ನೂ ಪೂರ್ತಿ ಕೈಬಿಟ್ಟಿಲ್ಲ. ಸುಖಪರಾಕಾಷ್ಠೆ ಸಂತಾನಕ್ಕೆ ನೆರವಾಗುವುದರಿಂದಲೇ ವಿಕಾಸಗೊಂಡಿತು ಎನ್ನುವ ವಿವರಣೆಗಳನ್ನು ಎಲಿಸಬೆತ್ ಲಾಯ್ಡ್ 2005ರಲ್ಲಿ ಒಂದೊಂದಾಗಿ ಪರಿಶೀಲಿಸಿ, ಹೆಚ್ಚಿನವು ಸಂಭೋಗವೊಂದರಿಂದಲೇ ಅದು ತಪ್ಪದೆ ದೊರೆಯುತ್ತದೆ ಎಂದು ಮೊದಲೇ ಭಾವಿಸಿಕೊಂಡಿರುವುದನ್ನು ತೋರಿಸಿದಳು. ಈ ಧೋರಣೆಯ ಪರಿಣಾಮ ಶಸ್ತ್ರಚಿಕಿತ್ಸೆಯ ಮೇಜಿನವರೆಗೂ ತಲುಪಿದೆ. ಪ್ರಾಸ್ಟೇಟ್ ತೆಗೆಯುವಾಗ ಗಂಡಸಿನ ನಿಮಿರುವಿಕೆಯ ನರಗಳನ್ನು ಉಳಿಸುವ ವಿಧಾನವನ್ನು ಪ್ಯಾಟ್ರಿಕ್ ವಾಲ್ಶ್ 1982ರಲ್ಲೇ ಜಾರಿಗೆ ತಂದಿದ್ದ. ಹೆಣ್ಣಿನ ಚಂದ್ರನಾಡಿಯನ್ನು ಮೆಲ್ಬರ್ನ್‌ನ ಹೆಲೆನ್ ಒಕಾನೆಲ್ 10 ಶವಗಳಲ್ಲಿ ಬಿಡಿಸಿ ನೋಡಿ, ಪಠ್ಯಪುಸ್ತಕಗಳ ಚಿತ್ರಗಳು ತಪ್ಪೆಂದು ಪ್ರಕಟಿಸುವ ಹೊತ್ತಿಗೆ 1998 ಬಂದಿತ್ತು. ಅವಳು ತೋರಿಸಿದ್ದರಲ್ಲಿ ಮುಖ್ಯವಾದದ್ದನ್ನು ಕೋಬೆಲ್ಟ್ ನೂರೈವತ್ತು ವರ್ಷಗಳ ಹಿಂದೆಯೇ ಅಚ್ಚು ಹಾಕಿಸಿದ್ದ.